ಅನುಮಾನದ ಬುಟ್ಟಿ

ಮೊದಲ ಸಲ ಐವತ್ತಕ್ಕೆ ಇಪ್ಪತ್ತೊಂದು ಬಂತು, ಎರಡನೇ ಸಲ ಇಪ್ಪತ್ತಾರು. ಪಾಸಾಗಲು ಬೇಕಿದ್ದದ್ದು ಮೂವತ್ತು. ಮೂರನೇ ಸಲ ಅರ್ಜಿ ತುಂಬುವಾಗ ನನಗೆ ನಲವತ್ತನಾಲ್ಕು ವರ್ಷ ಹತ್ತು ತಿಂಗಳು. ನಲವತ್ತೈದು ದಾಟಿದವರು ಆ ಪರೀಕ್ಷೆಗೆ ಕೂರುವಂತಿಲ್ಲ. ಅಂದರೆ ಇದೇ ಕೊನೆ.

ನಾನು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಒಗೆಯುವ ಯಂತ್ರಗಳು, ಇನ್ನೊಂದು ತುದಿಯಲ್ಲಿ ಬಟ್ಟೆ ಒಣಗಿಸಿ ಇಸ್ತ್ರಿ ಮಾಡುವ ಬಿಸಿ ರೋಲರ್. ಒದ್ದೆ ಹಾಸುಬಟ್ಟೆಯನ್ನು ಎತ್ತಿ ರೋಲರಿನ ಬಾಯಿಗೆ ಕೊಡುವುದು ನನ್ನ ಕೆಲಸ, ನಡುನಡುವೆ ಡಾಕ್ಟರುಗಳ ಕೋಟು ವಿಂಗಡಿಸುವುದೂ. ದಿನಕ್ಕೆ ಐದಾರುನೂರು ಸಲ ಕೈ ಎತ್ತಿ ಎತ್ತಿ ಬಲಭುಜ ಕೆಟ್ಟಿತ್ತು. ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರೇ ನೋಡಿ, "ಕೈ ಎತ್ತೋ ಕೆಲಸ ಬಿಟ್ಟುಬಿಡಮ್ಮ" ಅಂದರು, ಎಲೆಯಡಿಕೆ ಬಿಡು ಅನ್ನುವ ಹಾಗೆ. ಹೇಗೆ ಬಿಡಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಬಿಡಲು ಇದ್ದದ್ದು ಒಂದೇ ದಾರಿ. ಲಾಂಡ್ರಿಯ ಇನ್‌ಚಾರ್ಜ್ ಆ ವರ್ಷದ ಕೊನೆಗೆ ನಿವೃತ್ತರಾಗುತ್ತಿದ್ದರು. ಒಳಗಿನವರು ಇಲಾಖೆಯ ಪರೀಕ್ಷೆ ಪಾಸಾದರೆ ಆ ಜಾಗ ಅವರಿಗೆ, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತಾರೆ. ಲಾಂಡ್ರಿಯಿಂದ ಪರೀಕ್ಷೆಗೆ ಕೂತವಳು ನಾನೊಬ್ಬಳೇ. ಬಟ್ಟೆ, ಸೋಪು, ಸ್ವಚ್ಛತೆಯ ಬಗ್ಗೆ ಕೇಳಿದ್ದಕ್ಕೆಲ್ಲ ನಿದ್ದೆಗಣ್ಣಲ್ಲೂ ಉತ್ತರ ಬರೆಯುತ್ತಿದ್ದೆ. ನಾನು ಮುಗ್ಗರಿಸುತ್ತಿದ್ದದ್ದು ತಾರ್ಕಿಕ ಸಾಮರ್ಥ್ಯ ಎಂಬ ಭಾಗದಲ್ಲಿ, ಅದರಲ್ಲೂ ಕೋಡಿಂಗ್-ಡಿಕೋಡಿಂಗ್‌ನಲ್ಲಿ. ಅಲ್ಲಿಗೆ ಬಂದರೆ ತಲೆಯೊಳಗೆ ಯಾರೋ ದೀಪ ಆರಿಸಿದ ಹಾಗೆ ಆಗುತ್ತಿತ್ತು.

ನನ್ನ ನಾದಿನಿ ಕೋಚಿಂಗ್ ಸೆಂಟರಿನಲ್ಲಿ ಇದನ್ನೇ ಪಾಠ ಮಾಡುತ್ತಾಳೆ. ಎರಡು ಸಲ ನಾನು ಅವಳನ್ನು ಕೇಳಿರಲಿಲ್ಲ. ನಾನೇ ಎಣ್ಣೆ ಹಚ್ಚಿ ಜಡೆ ಹಾಕಿದ ಹುಡುಗಿಯ ಮುಂದೆ ಪೆನ್ನು ಹಿಡಿದು ಕೂರಲು ಮನಸ್ಸು ಒಪ್ಪಿರಲಿಲ್ಲ. ಮೂರನೇ ಸಲ ಆ ಬಿಗುಮಾನವನ್ನೂ ಮಡಿಸಿ ಒಳಗಿಟ್ಟೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು.

"ಅತ್ತಿಗೆ, ಇದು ತುಂಬ ಸುಲಭ. ಸಿ-ಎ-ಟಿಯನ್ನ ಡಿ-ಬಿ-ಯು ಅಂತ ಬರೆದ್ರೆ, ಡಿ-ಒ-ಜಿಯನ್ನ ಹೇಗೆ ಬರೀತಾರೆ?"

"ಬೆಕ್ಕನ್ನ ಬೆಕ್ಕು ಅಂತ ಬರೆಯೋಕೆ ಇವರಿಗೇನು ಧಾಡಿ?"

"ಅತ್ತಿಗೆ."

"ಸರಿ, ಹೇಳು."

"ಪ್ರತಿ ಅಕ್ಷರ ಒಂದು ಹೆಜ್ಜೆ ಮುಂದೆ ಹೋಗಿದೆ ಅಷ್ಟೇ. ಸಿ ಮುಂದೆ ಡಿ, ಎ ಮುಂದೆ ಬಿ. ಈಗ ನಾಯಿಗೆ ನೀವು ಮಾಡಿ."

ಬೆರಳು ಮಡಿಸಿ ಎಣಿಸಿ ಇ-ಪಿ-ಎಚ್ ಎಂದು ಬರೆದೆ. ಅಲ್ಲಿಯೇ ಕೂತು ಪೇಪರ್ ಓದುತ್ತಿದ್ದ ನನ್ನ ಗಂಡ, "ಬೆಕ್ಕು ಆಯ್ತು, ನಾಯಿ ಆಯ್ತು, ಮನೇಲಿರೋ ಗಂಡನಿಗೂ ಒಂದು ಹೆಸರಿಡ್ರಿ" ಅಂದರು.

"ನಿಮ್ಮನ್ನ ಹೆಜ್ಜೆ ಮುಂದಿಡಿಸೋದು ಯಾವ ಪರೀಕ್ಷೆಗೂ ಆಗಿಲ್ಲ ಬಿಡ್ರಿ" ಅಂದೆ. ನಾದಿನಿ ಅಣ್ಣನ ಮುಖ ನೋಡಿ ಪುಸ್ತಕದಲ್ಲಿ ತಲೆ ಹುದುಗಿಸಿ ನಕ್ಕಳು.

ಅಕ್ಷರದ್ದು ಮೂರು ವಾರದಲ್ಲಿ ಕೈವಶವಾಯಿತು. ಬಣ್ಣದ್ದು ಮಾತ್ರ ಜಗಳಕ್ಕೆ ತಂದಿತು. ಕೆಂಪನ್ನು ಹಳದಿ ಎಂದರೆ, ಹಳದಿಯನ್ನು ಬಿಳಿ ಎಂದರೆ, ಬಿಳಿಯನ್ನು ಕಪ್ಪು ಎಂದರೆ, ಹಾಲಿನ ಬಣ್ಣ ಯಾವುದು? ಪ್ರತಿ ಸಲ ನನ್ನ ಕೈ ಬಿಳಿಗೇ ಹೋಗುತ್ತಿತ್ತು. ನಮ್ಮಲ್ಲಿ ಸೋಂಕಿನ ಬಟ್ಟೆ ಬರುವುದು ಕೆಂಪು ಚೀಲದಲ್ಲಿ, ಮಾಮೂಲಿ ಬಟ್ಟೆ ಬಿಳಿ ಚೀಲದಲ್ಲಿ. ಕೆಂಪನ್ನು ಇನ್ನೊಂದು ಬಣ್ಣ ಅಂದುಕೊಂಡವರಿಗೆ ನಮ್ಮಲ್ಲಿ ಒಂದು ದಿನವೂ ಕೆಲಸವಿಲ್ಲ. ಹತ್ತೊಂಬತ್ತು ವರ್ಷ ಕಣ್ಣಿಗೆ ಹಿಡಿದ ಶಿಸ್ತನ್ನು ಒಂದು ಪ್ರಶ್ನೆಗೋಸ್ಕರ ಬಿಡು ಅಂದರೆ ಅದು ಕೇಳುತ್ತದೆಯೇ?

"ಕೆಂಪನ್ನ ಕೆಂಪು ಅಲ್ಲ ಅನ್ನಿ ಅಂತ ನಾನೆಲ್ಲಿ ಹೇಳ್ದೆ ಅತ್ತಿಗೆ," ಅಂದಳು ನಾದಿನಿ ಕೊನೆಗೆ. "ಆ ಪೇಪರಿನ ಊರಲ್ಲಿ ಅದನ್ನ ಹಾಗೆ ಕರೀತಾರೆ. ನೀವು ಆ ಊರಿಗೆ ನೆಂಟರು. ಎರಡು ನಿಮಿಷ ಇದ್ದು ಬಂದ್ರಾಯ್ತು."

ನೆಂಟಳಾಗಿ ಹೋಗುವುದು ಗೊತ್ತಾದ ಮೇಲೆ ಹಾಲು ಕಪ್ಪಾಗಲು ತಡವಾಗಲಿಲ್ಲ.

ಉಳಿದದ್ದು ವಾಕ್ಯಗಳ ಕೋಡು. ಮೂರು ವಾಕ್ಯ, ಅವುಗಳ ಎದುರಿಗೆ 'ಟಿಂ ಲಾ ಪೊ' ಎಂದು ಮಗು ತೊದಲಿದ ಹಾಗೆ ಏನೋ ಬರೆದಿರುತ್ತಾರೆ. ಯಾವ ಪದಕ್ಕೆ ಯಾವ ತೊದಲು ಎಂದು ಹೇಳಬೇಕು. ಎಷ್ಟು ಸಲ ಹೇಳಿಕೊಟ್ಟರೂ ಅದು ನನ್ನ ತಲೆಯ ಹೊಸ್ತಿಲು ದಾಟಲಿಲ್ಲ.

ಅದು ದಾಟಿದ್ದು ಲಾಂಡ್ರಿಯಲ್ಲಿ, ಒಬ್ಬ ನರ್ಸಿನಿಂದ. ಹಲ್ಲಿನ ಡಾಕ್ಟರ ಕೋಟು ಕೇಳಿಕೊಂಡು ಬಂದವಳು, ನಾನು ನೂರು ಬಿಳಿ ಕೋಟಿನ ರಾಶಿಯಿಂದ ಒಂದನ್ನು ಎಳೆದು ಕೊಟ್ಟದ್ದನ್ನು ನೋಡಿ, "ಎಲ್ಲ ಒಂದೇ ಥರ ಇದೆ. ಇದೇ ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ?" ಎಂದಳು.

ಕಥೆ ಹೀಗೆ. ಆರು ತಿಂಗಳಿಗೊಮ್ಮೆ ಹೊಸ ಡಾಕ್ಟರುಗಳು ಬರುತ್ತಾರೆ, ಹೊಸ ಕೋಟು ಕೊಡುತ್ತಾರೆ. ನಮ್ಮ ಟೈಲರ್ ಪ್ರತಿ ಕೋಟಿನ ಕಾಲರಿನೊಳಗೆ ದಾರದಲ್ಲಿ ಒಂದು ಗುರುತು ಹಾಕುತ್ತಾನೆ. ಚುಕ್ಕೆ, ಗೆರೆ, ತ್ರಿಕೋನ, ಅವನಿಗೆ ತೋಚಿದ್ದು. ಆದರೆ ಯಾವ ಗುರುತಿನ ಕೋಟು ಯಾರಿಗೆ ಹೋಯಿತು ಎಂದು ಯಾರೂ ಬರೆದಿಡುವುದಿಲ್ಲ. ಒಗೆಯಲು ಬರುವ ಚೀಲದ ಮೇಲೆ ಮಾತ್ರ, ಒಳಗೆ ಯಾರ ಯಾರ ಕೋಟು ಇದೆ ಎಂದು ಚೀಟಿ ಇರುತ್ತದೆ.

"ಸೋಮವಾರದ ಚೀಲದಲ್ಲಿ ಕಣ್ಣಿನ ಡಾಕ್ಟರು, ಮೂಳೆ ಡಾಕ್ಟರು ಅಂತ ಚೀಟಿ ಇತ್ತು" ಅಂದೆ. "ಒಳಗೆ ಒಂದಕ್ಕೆ ಹಸಿರು ಗೆರೆ, ಒಂದಕ್ಕೆ ಎರಡು ಚುಕ್ಕೆ. ಬುಧವಾರದ ಚೀಲದಲ್ಲಿ ಮೂಳೆ ಡಾಕ್ಟರು, ಹಲ್ಲಿನ ಡಾಕ್ಟರು. ಒಳಗೆ ಎರಡು ಚುಕ್ಕೆ, ತ್ರಿಕೋನ. ಎರಡು ಚೀಟಿಯಲ್ಲೂ ಬಂದವರು ಮೂಳೆ ಡಾಕ್ಟರು, ಎರಡು ಚೀಲದಲ್ಲೂ ಬಂದದ್ದು ಎರಡು ಚುಕ್ಕೆ. ಹಾಗಾದ್ರೆ ಚುಕ್ಕೆ ಅವರದ್ದು, ತ್ರಿಕೋನ ನಿಮ್ಮ..."

ಅಲ್ಲಿಗೆ ನನ್ನ ಬಾಯಿ ನಿಂತುಹೋಯಿತು. ನರ್ಸ್ ಕೋಟು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. "ಏನಾಯ್ತಕ್ಕಾ, ಭುಜ ಹಿಡ್ಕೊಳ್ತಾ?"

"ಇಲ್ಲಮ್ಮ, ಬಿಟ್ಟುಕೊಂಡಿತು" ಅಂದೆ.

ಚೀಟಿ ಎಂದರೆ ವಾಕ್ಯ, ಗುರುತು ಎಂದರೆ ತೊದಲು. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದವಳು ಪೇಪರಿನಲ್ಲಿ ಕಂಡಾಗ ಗುರುತೇ ಹಿಡಿದಿರಲಿಲ್ಲ. ಆ ಭಾನುವಾರ ನಾದಿನಿ ಕೊಟ್ಟ ಹದಿನೈದು ಲೆಕ್ಕದಲ್ಲಿ ಹದಿನಾಲ್ಕು ಸರಿಯಾಯಿತು. ತಪ್ಪಾದ ಒಂದರ ಬಗ್ಗೆ ನಮಗೆ ಮಾತು ಬೆಳೆಯಿತು. ಅದರಲ್ಲಿ ನಾನು 'ಹೇಳಲು ಸಾಧ್ಯವಿಲ್ಲ' ಎಂಬ ನಾಲ್ಕನೇ ಆಯ್ಕೆಗೆ ಗುರುತು ಹಾಕಿದ್ದೆ. ನನ್ನ ಅವಸರದಿಂದ ಆದ ತಪ್ಪು ಅದು, ಒಂದು ಸುಳುಹು ಬಿಟ್ಟುಹೋಗಿತ್ತು. ಆದರೆ ನಾದಿನಿ ಹೇಳಿದ ಪಾಠ ಬೇರೆ.

"ಅತ್ತಿಗೆ, ಆ ನಾಲ್ಕನೇದನ್ನ ಮುಟ್ಟಲೇಬೇಡಿ. ಅದು ಜಾಗ ತುಂಬೋಕೆ ಇಟ್ಟಿರ್ತಾರೆ. ಎರಡರ ಮಧ್ಯೆ ಸಿಕ್ಕಿಕೊಂಡ್ರೆ ಒಂದಕ್ಕೆ ಹೊಡೀರಿ. ನಮ್ಮ ಸೆಂಟರಲ್ಲಿ ಎಲ್ಲರಿಗೂ ಹೇಳೋದು ಇದನ್ನೇ."

"ನಮ್ಮಲ್ಲಿ ಹಾಗೆ ಹೊಡೆಯೋ ಹಾಗಿಲ್ಲ ಕಣೇ."

ನಿಜವಾಗಿಯೂ ಇರಲಿಲ್ಲ. ಲಾಂಡ್ರಿಯ ಮೂಲೆಯಲ್ಲಿ ಒಂದು ನೀಲಿ ಬುಟ್ಟಿ ಇದೆ. ನಾವು ಅದಕ್ಕೆ ಅನುಮಾನದ ಬುಟ್ಟಿ ಅನ್ನುತ್ತೇವೆ. ಎರಡು ಕೋಟು, ಇಬ್ಬರು ಡಾಕ್ಟರು, ಯಾವುದು ಯಾರದೆಂದು ತಿಳಿಯಲು ಬೇರೆ ಚೀಲ ಬಂದಿಲ್ಲ ಎಂದಾದರೆ, ಎರಡೂ ಆ ಬುಟ್ಟಿಗೆ ಹೋಗಬೇಕು. ಇನ್ನೊಂದು ಚೀಲ ಬಂದು ಅದು ಬಗೆಹರಿಯುವವರೆಗೆ ಆಸ್ಪತ್ರೆಯ ಮುಖ್ಯಸ್ಥರೇ ಬಂದು ಕೇಳಿದರೂ ಕೊಡುವಂತಿಲ್ಲ. ಸೇರಿದ ಹೊಸತರಲ್ಲಿ ನಾನೊಮ್ಮೆ ಅಂದಾಜಿನಲ್ಲಿ ಕೊಟ್ಟುಕಳಿಸಿದ್ದೆ. ಮರುದಿನ ನನ್ನ ಭುಜದಷ್ಟೂ ಎತ್ತರವಿಲ್ಲದ ಮಕ್ಕಳ ಡಾಕ್ಟರಮ್ಮ, ಆರಡಿ ಆಳಿನ ಕೋಟು ತೊಟ್ಟು ನೆಲ ಗುಡಿಸಿಕೊಂಡು ಬಂದು ನನ್ನ ಮುಂದೆ ನಿಂತಿದ್ದರು. ಬೈಯಲಿಲ್ಲ. ಸುಮ್ಮನೆ ಒಂದು ಸುತ್ತು ತಿರುಗಿ ತೋರಿಸಿ ಹೋದರು. ಅವತ್ತಿನಿಂದ ಅಂದಾಜು ಅನ್ನುವುದು ನನಗೆ ಆಗಿಬರುವುದಿಲ್ಲ.

ಪರೀಕ್ಷೆಯ ದಿನ ಮೂವತ್ತೇಳನೇ ಪ್ರಶ್ನೆ ಹೀಗಿತ್ತು:

'ಟಿಂ ಲಾ ಪೊ' ಎಂದರೆ 'ಕೆಂಪು ಹೂವು ಅರಳಿತು'.
'ಜೂ ಪೊ ಕೆ' ಎಂದರೆ 'ಕೆಂಪು ಬಸ್ಸು ಬಂತು'.
'ಕೆ ಸಾ ಮೀ' ಎಂದರೆ 'ದೊಡ್ಡ ಬಸ್ಸು ಹೋಯಿತು'.
ಹಾಗಾದರೆ 'ಹೂವು' ಎಂಬುದಕ್ಕೆ ಸಂಕೇತ ಯಾವುದು? ಟಿಂ, ಲಾ, ಜೂ, ಅಥವಾ ಹೇಳಲು ಸಾಧ್ಯವಿಲ್ಲ.

ಮೂರು ಚೀಲ ಬಿಚ್ಚಿದೆ. ಮೊದಲ ಎರಡರಲ್ಲೂ ಇರುವುದು ಪೊ, ಅದು ಕೆಂಪು. ಕೊನೆಯ ಎರಡರಲ್ಲೂ ಇರುವುದು ಕೆ, ಅದು ಬಸ್ಸು. ಹಾಗಾಗಿ ಜೂ ಎಂದರೆ ಬಂತು. ಹೂವಿಗೆ ಉಳಿದದ್ದು ಟಿಂ ಮತ್ತು ಲಾ. ಎರಡೂ ಮೊದಲ ಚೀಲದಲ್ಲಿ ಮಾತ್ರ ಇವೆ, ಬೇರೆ ಎಲ್ಲೂ ಇಲ್ಲ. ಬೇರೆ ಮಾಡುವ ಇನ್ನೊಂದು ಚೀಲವೇ ಇಲ್ಲ. ಮತ್ತೆ ಮತ್ತೆ ನೋಡಿದೆ. ಈ ಸಲ ಯಾವ ಸುಳುಹೂ ಬಿಟ್ಟುಹೋಗಿರಲಿಲ್ಲ. ಕಿವಿಯಲ್ಲಿ ನಾದಿನಿ 'ಒಂದಕ್ಕೆ ಹೊಡೀರಿ' ಅನ್ನುತ್ತಿದ್ದಳು. ನಾನು ಎರಡನ್ನೂ ಬುಟ್ಟಿಗೆ ಹಾಕಿ, ನಾಲ್ಕನೇದಕ್ಕೆ ಗುರುತು ಮಾಡಿ ಮುಂದೆ ಹೋದೆ.

ಫಲಿತಾಂಶ ಬಂದಾಗ ನನ್ನ ಹೆಸರಿನ ಮುಂದೆ ಇಪ್ಪತ್ತೊಂಬತ್ತು ಇತ್ತು. ಪಕ್ಕದಲ್ಲೇ ಕೀ ಉತ್ತರಗಳನ್ನೂ ಅಂಟಿಸಿದ್ದರು. ಮೂವತ್ತೇಳಕ್ಕೆ ಉತ್ತರ: ಲಾ.

ನಾದಿನಿ ಆ ಹಾಳೆಯ ಫೋಟೋ ನೋಡಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಬೇಡ ಅಂತ ಬಡ್ಕೊಂಡೆ ಅತ್ತಿಗೆ. ಲಾ ಅಂತ ಸುಮ್ನೆ ಹೊಡೆದಿದ್ರೂ ಇವತ್ತು ಮೂವತ್ತು ಇರ್ತಿತ್ತು. ಒಂದು ಮಾರ್ಕು. ಬರೀ ಒಂದು."

"ಲಾ ಅಂತ ಹೇಗೆ ಬಂತು ಅಂತ ನೀನೇ ಹೇಳಿಕೊಡು."

ಅವಳು ಸಿಟ್ಟಿನಲ್ಲೇ ಪೆನ್ನು ತೆಗೆದಳು. ಐದು ನಿಮಿಷ ಬರೆದಳು, ಹೊಡೆದುಹಾಕಿದಳು, ಹಾಳೆ ತಿರುವಿದಳು. ಆಮೇಲೆ ಪೆನ್ನಿನ ತುದಿ ಕಚ್ಚಿಕೊಂಡು, ತಗ್ಗಿದ ದನಿಯಲ್ಲಿ, "ಬರಲ್ಲ" ಅಂದಳು. "ಅತ್ತಿಗೆ, ಕೀ ತಪ್ಪಿದೆ."

ಆಕ್ಷೇಪಣೆ ಕೊಡಲು ಏಳು ದಿನ ಇತ್ತು. ಕೊಟ್ಟೆ. ವಿಷಯ ಲಾಂಡ್ರಿಗೆ ಮುಟ್ಟಿದಾಗ ಬಾಯ್ಲರಣ್ಣ ಬಂದು ನನ್ನ ಮುಂದೆ ನಿಂತ. ಬಾಯ್ಲರ್ ನೋಡಿಕೊಳ್ಳುವ ಹಿರಿಯ ಅವನು. ಉಗಿಯ ಜೊತೆ ಇದ್ದು ಇದ್ದು ಮಾತೂ ಹಾಗೇ ಬುಸ್ಸೆಂದು ಬರುತ್ತದೆ.

"ಏನ್ ತಂಗೀ, ಪ್ರಶ್ನೆಪತ್ರಿಕೆ ಮಾಡಿದ ಮೇಷ್ಟ್ರಿಗೇ ಪಾಠ ಹೇಳೋಕೆ ಹೊರಟಿದ್ದೀಯಂತೆ."

"ಪಾಠ ಹೇಳಲ್ಲಣ್ಣ. ಕಲಿಯೋಕೆ ಹೋಗ್ತಿದ್ದೀನಿ."

"ದೊಡ್ಡವರ ತಪ್ಪು ತೋರಿಸಿದವರು ಯಾರಾದ್ರೂ ಉದ್ಧಾರ ಆಗಿದ್ದಾರಾ? ರೋಲರಿಗೆ ಬಟ್ಟೆ ಕೊಡೋ ಕೈ ನಿನ್ನದು, ಅವರ ರೋಲರಿಗೆ ಕೈನೇ ಕೊಡಬೇಡ."

ಅವನ ಮಾತಿನಲ್ಲಿ ಹುರುಳಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡುಕೊಂಡದ್ದು ಏನೆಂದರೆ, ಕೋಟು ಬದಲಾಗಿದೆ ಎಂದು ಡಾಕ್ಟರಿಗೆ ನೇರವಾಗಿ ಹೇಳಿದರೆ ಅವರು ಅದನ್ನೇ ತಮ್ಮದೆಂದು ಸಾಧಿಸುತ್ತಾರೆ. 'ಸ್ವಲ್ಪ ತೋಳು ನೋಡಿಕೊಳ್ಳಿ ಸರ್, ನಿಮಗೆ ಉದ್ದ ಅನಿಸುತ್ತಾ' ಎಂದು ಕೇಳಿದರೆ ತಾವೇ ಬಿಚ್ಚಿ ಕೊಡುತ್ತಾರೆ.

ವಿಚಾರಣೆಗೆ ಕರೆದ ಕೋಣೆ ಮೂರನೇ ಮಹಡಿಯಲ್ಲಿತ್ತು. ಮೇಜಿನಾಚೆ ಮೂವರು. ಮಧ್ಯದಲ್ಲಿ ಕನ್ನಡಕದ ಅಧ್ಯಕ್ಷೆ, ಬಲಗಡೆ ಪ್ರಶ್ನೆ ತಯಾರಿಸಿದ ಮೇಷ್ಟ್ರು, ಎಡಗಡೆ ಬರೆದುಕೊಳ್ಳುವ ಗುಮಾಸ್ತ. ನಾನು ಕೂತದ್ದೇ ಮೇಷ್ಟ್ರು ಶುರು ಮಾಡಿದರು.

"ನೋಡಿಯಮ್ಮ, ಇದರಲ್ಲಿ ಏನೂ ಗೊಂದಲ ಇಲ್ಲ. ಸಂಕೇತವನ್ನ ಹಿಂದಿನಿಂದ ಮುಂದಕ್ಕೆ ಬರೆದಿದೆ. ಪೊ ಕೊನೆಗಿದೆ, ಅದು ಕೆಂಪು. ಮಧ್ಯದಲ್ಲಿರೋ ಲಾ ಹೂವು. ಮೊದಲಿರೋ ಟಿಂ ಅರಳಿತು. ಅಷ್ಟೇ."

"ಗೊತ್ತಾಯ್ತು ಸರ್" ಅಂದೆ. "ಎರಡನೇ ಸಾಲನ್ನೂ ಹಾಗೇ ಒಮ್ಮೆ ಹೇಳಿಕೊಡಿ ಸರ್, ಬರ್ಕೊಳ್ತೀನಿ."

ಅವರು ಹಾಳೆ ಎತ್ತಿಕೊಂಡರು. "ಎರಡನೇದು, ಜೂ ಪೊ ಕೆ. ಹಿಂದಿನಿಂದ ಅಂದ್ರೆ ಕೆ ಅಂದರೆ ಕೆಂಪು..." ಅಲ್ಲಿಗೆ ನಿಂತರು.

ನಾನು ಪೆನ್ನು ಎತ್ತಿರಲೇ ಇಲ್ಲ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ತಮ್ಮ ಪ್ರತಿಯತ್ತ ಬಾಗಿದರು. "ಆದ್ರೆ ಮೊದಲ ಸಾಲಲ್ಲಿ ಕೆಂಪು ಅಂದ್ರೆ ಪೊ ಅಂದ್ರಲ್ಲ ನೀವು?"

"ಅದು ಮೇಡಂ, ಎರಡನೇ ಸಾಲಿನಲ್ಲಿ ಕ್ರಮ ಸ್ವಲ್ಪ..." ಮೇಷ್ಟ್ರು ಬೆವರು ಒರೆಸಿಕೊಂಡರು. "ಸಾಮಾನ್ಯವಾಗಿ ಇಂಥ ಪ್ರಶ್ನೆಯಲ್ಲಿ ಹೀಗೇ ಇರುತ್ತೆ. ಅಭ್ಯರ್ಥಿ ಊಹೆ ಮಾಡ್ಬೇಕು."

ಈಗ ನಾನು ಮನೆಯಲ್ಲೇ ಬರೆದು ತಂದಿದ್ದ ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟೆ. "ಸರ್, ಇವೆರಡರಲ್ಲಿ ಯಾವುದು ತಪ್ಪು ಅಂತ ನನಗೆ ತಿಳಿಯಲಿಲ್ಲ. ನೀವು ನೋಡಿ ಹೇಳ್ಬೇಕು. ಈ ಚೀಟಿಯಲ್ಲಿ ಲಾ ಹೂವು, ಟಿಂ ಅರಳಿತು. ಈ ಚೀಟಿಯಲ್ಲಿ ಟಿಂ ಹೂವು, ಲಾ ಅರಳಿತು. ಮಿಕ್ಕಿದ್ದೆಲ್ಲ ಎರಡರಲ್ಲೂ ಒಂದೇ."

ಅಧ್ಯಕ್ಷೆ ಒಂದು ಚೀಟಿ ಹಿಡಿದು ಮೂರು ಸಾಲನ್ನೂ ಒಂದೊಂದಾಗಿ ತಾಳೆ ಹಾಕಿದರು. ಸರಿಹೋಯಿತು. ಇನ್ನೊಂದನ್ನು ಹಿಡಿದು ಮತ್ತೆ ಮೂರು ಸಾಲನ್ನೂ ನೋಡಿದರು. ಅದೂ ಸರಿಹೋಯಿತು. ಎರಡನ್ನೂ ಮೇಷ್ಟ್ರ ಕಡೆ ತಳ್ಳಿದರು.

ಮೇಷ್ಟ್ರು ತುಂಬ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ. ಅವರ ಮುಖದಲ್ಲಿ ಹಟ ಕರಗಿ ಲೆಕ್ಕ ಮಾಡುವವನ ಕುತೂಹಲ ಬಂದದ್ದನ್ನು ನಾನು ಕಂಡೆ. ಬೆರಳಿನಿಂದ ಎರಡು ಚೀಟಿಗಳನ್ನೂ ಅದಲುಬದಲು ಮಾಡಿ ನೋಡಿದರು. "ನಾಲ್ಕನೇ ಸಾಲು ಒಂದಿತ್ತು ಮೇಡಂ," ಅಂದರು ಕೊನೆಗೆ, "ಹೂವು ಅನ್ನೋ ಪದ ಇನ್ನೊಂದು ಸಲ ಬರೋದು. ಪುಟದಲ್ಲಿ ಜಾಗ ಸಾಲದು ಅಂತ ನಾನೇ ತೆಗೆದೆ. ಉತ್ತರ ಮಾತ್ರ ಹಾಗೇ ಉಳೀತು."

"ಅಂದ್ರೆ ಈಗ ಇರೋ ಪ್ರಶ್ನೆಗೆ ಸರಿ ಉತ್ತರ?"

"ಹೇಳಲು ಸಾಧ್ಯವಿಲ್ಲ" ಅಂದರು ಮೇಷ್ಟ್ರು.

ಗುಮಾಸ್ತ ಪೆನ್ನು ಹಿಡಿದುಕೊಂಡು ತಲೆ ಎತ್ತಿದ. "ಏನಂತ ಬರ್ಕೊಳ್ಳಲಿ ಮೇಡಂ? ಸರ್‌ಗೆ ಹೇಳೋಕೆ ಸಾಧ್ಯವಿಲ್ಲ ಅಂತಲಾ?"

ಅಧ್ಯಕ್ಷೆ ನಗುವನ್ನು ಕನ್ನಡಕದ ಹಿಂದೆ ಬಚ್ಚಿಟ್ಟುಕೊಂಡರು. "ನಾಲ್ಕನೇ ಆಯ್ಕೆ ಸರಿ ಅಂತ ಬರ್ಕೊಳ್ಳಿ."

"ಹಾಗಾದ್ರೆ ಇಡೀ ಪಟ್ಟಿ ಮತ್ತೆ ಮಾಡ್ಬೇಕಾಗುತ್ತೆ. ನಾನೂರು ಜನದ್ದು."

"ಮಾಡಿ" ಅಂದರು ಅಧ್ಯಕ್ಷೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಎಲ್ಲಿ ಕೋಚಿಂಗ್ ತಗೊಂಡ್ರಿ?" ಎಂದು ಕೇಳಿದರು.

"ನೆಲಮಾಳಿಗೆಯಲ್ಲಿ ಮೇಡಂ" ಅಂದೆ. ಮನೆಗೆ ಬಂದು ಹೇಳಿದಾಗ ನಾದಿನಿಗೆ ಸ್ವಲ್ಪ ಬೇಜಾರಾಯಿತು. ಅರ್ಧ ಪಾಲು ಅವಳದೆಂದು ಹತ್ತು ಸಲ ಹೇಳಿ ಸಮಾಧಾನ ಮಾಡಬೇಕಾಯಿತು. ಮರುದಿನ ಅವಳು ತನ್ನ ಸೆಂಟರಿನಲ್ಲಿ ಬೋರ್ಡಿನ ಮೇಲೆ ಆ ಮೂರು ಸಾಲು ಬರೆದು, ನಾಲ್ಕನೇ ಆಯ್ಕೆ ಮುಟ್ಟಬೇಡಿ ಎಂದು ಇಷ್ಟು ದಿನ ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡಳಂತೆ. ಅಷ್ಟು ಮಕ್ಕಳೆದುರು ಹಾಗೆ ಹೇಳಲು ಎದೆ ಬೇಕು. ನನಗೆ ಬಂದ ಒಂದು ಅಂಕಕ್ಕಿಂತ ಅದು ದೊಡ್ಡದು ಅಂತ ಅವಳಿಗೆ ಹೇಳಿದೆ. "ಸುಮ್ನಿರಿ ಅತ್ತಿಗೆ," ಅಂದಳು, ಆದರೆ ಆ ದಿನ ಎರಡು ಸಲ ಊಟ ಬಡಿಸಿಕೊಂಡಳು.

ಹೊಸ ಪಟ್ಟಿ ಒಂಬತ್ತನೇ ದಿನ ಮಧ್ಯಾಹ್ನ ಅಂಟಿಸಿದರು. ಹೆಸರಿನ ಮುಂದೆ ಬೆರಳಿಟ್ಟು ನೋಡಿದೆ. ಬೆರಳು ತೆಗೆದು ನೋಡಿದೆ. ಪಕ್ಕದಲ್ಲಿ ನಿಂತಿದ್ದ ಯಾರೋ ಗುರುತಿಲ್ಲದವರಿಗೆ, "ಇದು ಮೂವತ್ತೇ ತಾನೇ?" ಎಂದು ಕೇಳಿದೆ. "ಮೂವತ್ತೇ ಅಮ್ಮ, ಪಾಸ್ ಅಂತಾನೂ ಬರೆದಿದ್ದಾರೆ" ಅಂದರು. ಇಪ್ಪತ್ತೊಂದಾದಾಗಲೂ ಅಳದವಳು, ಇಪ್ಪತ್ತೊಂಬತ್ತಾದಾಗಲೂ ಅಳದವಳು ಅಲ್ಲಿ ಸೆರಗು ಹುಡುಕಿಕೊಂಡೆ.

ಮೆಟ್ಟಿಲಿಳಿದು ಲಾಂಡ್ರಿಗೆ ಬಂದಾಗ ಆರೂ ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ನಾನು ಬಾಗಿಲಲ್ಲೇ ನಿಂತು ಏನೋ ಕೂಗಿದೆ. ಎಲ್ಲರೂ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ನನ್ನ ಬಾಯಿ ನೋಡಿದರು, ಯಾರಿಗೂ ತಿಳಿಯಲಿಲ್ಲ. ಒದ್ದೆ ಕಣ್ಣು ಕಂಡು ಒಬ್ಬಳು ಕೆಟ್ಟದ್ದೇ ಎಂದುಕೊಂಡು ತನ್ನ ಬಾಯಿಗೆ ಕೈ ಇಟ್ಟುಕೊಂಡಳು.

ಆಗ ಬಾಯ್ಲರಣ್ಣ ಒಂದು ಕೆಲಸ ಮಾಡಿದ. ಗೋಡೆಯ ಹತ್ತಿರ ಹೋಗಿ ದೊಡ್ಡ ಸ್ವಿಚ್ ಕೆಳಗೆಳೆದ. ಕೆಲಸದ ಹೊತ್ತಿನಲ್ಲಿ ಅದನ್ನು ಅವನು ಎಳೆದದ್ದನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಯಂತ್ರಗಳು ಒಂದೊಂದಾಗಿ ನಿಧಾನವಾಗಿ ನಿಂತವು. ಒಳಗಿನ ನೀರು ಇಳಿಯುವ ಸದ್ದು ಕೇಳಿತು, ಆಮೇಲೆ ಅದೂ ಇಲ್ಲ.

"ಈಗ ಹೇಳು ತಂಗಿ" ಅಂದ.

ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. "ಮೂವತ್ತು" ಅಂದೆ.

ಅಷ್ಟು ಸಾಕಾಯಿತು. ಹದಿನಾಲ್ಕು ಜನ ಒಮ್ಮೆಲೇ ಮಾತಾಡತೊಡಗಿದರು. ಯಾರೋ ನನ್ನ ಕೆಟ್ಟ ಭುಜವನ್ನೇ ಹಿಡಿದು ಕುಲುಕಿದರು, ನೋವಾದರೂ ಬಿಡಿಸಿಕೊಳ್ಳಲಿಲ್ಲ. ನಿವೃತ್ತರಾಗುತ್ತಿದ್ದ ಇನ್‌ಚಾರ್ಜ್ ಕುರ್ಚಿಯಿಂದ ಎದ್ದು ಬಂದು, "ಅಂತೂ ನಮ್ಮವಳಿಗೇ ಬಂತು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಗು, ಕೂಗು, ಗಲಾಟೆ ಎಷ್ಟು ಹೊತ್ತು ನಡೆಯಿತೋ. ಅಷ್ಟರಲ್ಲಿ ನನ್ನ ಕಣ್ಣು ಗೋಡೆ ಗಡಿಯಾರದ ಮೇಲೆ ಬಿತ್ತು.

"ಅಣ್ಣಾ, ಸ್ವಿಚ್ ಹಾಕು" ಅಂದೆ. "ಆಪರೇಷನ್ ಥಿಯೇಟರಿನ ಬಟ್ಟೆ ಮೂರು ಗಂಟೆಗೆ ಮೇಲೆ ಹೋಗಬೇಕು. ಎರಡೂಕಾಲಾಯ್ತು."

"ನೋಡ್ರಪ್ಪಾ, ಆಗಲೇ ಶುರು ಹಚ್ಕೊಂಡ್ಲು" ಎಂದ ಬಾಯ್ಲರಣ್ಣ. ಅಂದವನೇ ಓಡಿಹೋಗಿ ಸ್ವಿಚ್ ಮೇಲಕ್ಕೆತ್ತಿದ.